ಒಲಿದ ಆನೆಯ ಋಣ

ಕಬಿನಿ ಹೊಳೆಯ ದಂಡೆಯಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ, ಕಳೆದ ಶತಮಾನದ ಅರವತ್ತರ ದಶಕದಲ್ಲಿ ಬೆಳೆದವರ ನೆನಪಿನಲ್ಲಿ ಆನೆ ಎರಡು ರೂಪಗಳಲ್ಲಿ ಉಳಿದಿದೆ. ಒಂದು, ರಾತ್ರಿ ಹೊತ್ತು ರಾಗಿ ಹೊಲಕ್ಕೆ ಇಳಿದು, ಅಟ್ಟಣೆಯ ಮೇಲೆ ತಮಟೆ ಬಡಿದು ಕೂಗುವವರ ನಿದ್ದೆಗೆಡಿಸುತ್ತಿದ್ದ ಕಾಡಾನೆ. ಇನ್ನೊಂದು, ಅದೇ ಕಾಡಿನಿಂದ ಹಿಡಿದು ತಂದು ಪಳಗಿಸಿದ ಮೇಲೆ ಮಾವುತನ ಎಳೆಯ ಮಗನ ಮಾತಿಗೂ ಕಾಲು ಮಡಿಸಿ ಕೂರುತ್ತಿದ್ದ, ಮಾವುತನ ಹೆಂಡತಿ ಕೊಟ್ಟ ಮುದ್ದೆಯನ್ನು ಸೊಂಡಿಲಲ್ಲಿ ಜೋಪಾನವಾಗಿ ತೆಗೆದುಕೊಳ್ಳುತ್ತಿದ್ದ ಶಿಬಿರದ ಆನೆ. ಎರಡೂ ಒಂದೇ ಜೀವವೆಂಬುದು ಆ ಊರುಗಳ ಮಕ್ಕಳಿಗೆ ಗೊತ್ತಿತ್ತಾದರೂ, ಮೊದಲನೆಯದು ಎರಡನೆಯದಾಗುವ ನಡುವೆ ಆ ಜೀವದ ಮೇಲೆ ಏನೇನು ನಡೆಯುತ್ತದೆ ಎಂಬುದನ್ನು ಹಿರಿಯರು ಬಿಡಿಸಿ ಹೇಳುತ್ತಿರಲಿಲ್ಲ. ಈ ಬರಹದ ಕರ್ತೃ ಆ ಪೀಳಿಗೆಗೆ ಸೇರಿದವನಾದ್ದರಿಂದ ಇಲ್ಲಿ ಬರುವ ನೆನಪುಗಳಲ್ಲಿ ಕೆಲವು ಅವನವು, ಹೆಚ್ಚಿನವು ಕಾಕನಕೋಟೆಯ ಸುತ್ತಣ ಒಂದು ಕಾಲದ ಜನರವು. ಪ್ರಾಣಿಗಳ ವರ್ತನೆಯ ಬಗ್ಗೆ ಇಂದು ತಿಳಿದಿರುವ ಸಂಗತಿಗಳ ಪಕ್ಕದಲ್ಲಿಟ್ಟು ಆ ನೆನಪುಗಳನ್ನು ಮತ್ತೆ ನೋಡಿದಾಗ ಎದುರಾಗುವ ಪ್ರಶ್ನೆ ಇಷ್ಟು: ತನಗೆ ಒಲಿದ ಪ್ರಾಣಿಯ ಮೇಲೆ ಮನುಷ್ಯನಿಗೆ ಇರುವುದು ಹಕ್ಕೋ, ಅದಕ್ಕೆ ಅವನು ತೀರಿಸಬೇಕಾದ ಋಣವೋ?

ಈ ಪ್ರಶ್ನೆ ಹೊಸ ಕಾಲದ ಮೃದುತನದಿಂದ ಹುಟ್ಟಿದ್ದೆಂದು ತಿಳಿಯಬೇಕಿಲ್ಲ, ಏಕೆಂದರೆ ಪ್ರಾಣಿಯ ನಿಷ್ಠೆಗೆ ಬೆಲೆ ಕೊಡುವ ನಡವಳಿಕೆ ಈ ನಾಡಿನಲ್ಲಿ ಬಹಳ ಹಿಂದಿನಿಂದ ಇದೆ. ತಲಕಾಡಿನ ಗಂಗರು ಆನೆಯನ್ನು ತಮ್ಮ ಲಾಂಛನವಾಗಿಸಿಕೊಂಡಿದ್ದರು. ಆ ವಂಶದ ಇಮ್ಮಡಿ ಶಿವಮಾರ ಬರೆದ ಗಜಾಷ್ಟಕವೆಂಬ ಕನ್ನಡ ಕೃತಿ ಇಂದು ಉಳಿದಿಲ್ಲವಾದರೂ, ಭತ್ತ ಕುಟ್ಟುವ ಹೆಂಗಸರ ಬಾಯಲ್ಲಿ ಒನಕೆವಾಡಾಗಿ ಹಬ್ಬುವಷ್ಟು ಅದು ಜನಕ್ಕೆ ಹತ್ತಿರವಾಗಿತ್ತೆಂದು ಹಳೆಯ ಉಲ್ಲೇಖಗಳು ಹೇಳುತ್ತವೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ವಿಶ್ವಕೋಶ ಆನೆಯನ್ನು ಹಿಡಿಯುವ, ಪಳಗಿಸುವ, ಸಾಕುವ ಕ್ರಮಗಳನ್ನು ವಿವರಿಸುತ್ತದೆ. ಇವೆಲ್ಲಕ್ಕಿಂತ ನೇರವಾಗಿ ಮಾತಾಡುವುದು ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 950ರ ಆಸುಪಾಸಿನ ಶಿಲಾಶಾಸನ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ ಗಂಗರ ಇಮ್ಮಡಿ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು; ಆ ನಾಯಿ ಕಾಡುಹಂದಿಯೊಂದರೊಡನೆ ಹೋರಾಡಿ, ಹಂದಿಯೂ ತಾನೂ ಸತ್ತಾಗ, ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆ ಭೂಮಿ ಬಿಡಲಾಯಿತು. ಜೀವ ಕೊಟ್ಟ ಪ್ರಾಣಿಗೆ ಉಳಿದವರು ಏನಾದರೂ ಸಲ್ಲಿಸಬೇಕು, ಆ ಸಲ್ಲಿಕೆ ತಲೆಮಾರುಗಳವರೆಗೆ ನಡೆಯಬೇಕು ಎಂಬ ಭಾವನೆ ಸಾವಿರ ವರ್ಷಗಳ ಹಿಂದೆಯೇ ಕನ್ನಡದ ಕಲ್ಲಿನಲ್ಲಿ ದಾಖಲಾಗಿದೆ.

ಆದರೆ ಅದೇ ನಾಡಿನಲ್ಲಿ ಆನೆಯನ್ನು ಕಾಡಿನಿಂದ ಕೀಳುವ ಕೆಲಸವೂ ಅಷ್ಟೇ ವ್ಯವಸ್ಥಿತವಾಗಿ ನಡೆಯಿತು. ಮೊದಲು ಮೈಸೂರು ಸೀಮೆಯಲ್ಲಿ ಗುಂಡಿ ತೋಡಿ ಮೇಲೆ ಸೊಪ್ಪು ಹಾಸಿ ಆನೆ ಬೀಳಿಸುವ ರೂಢಿಯಿತ್ತು. ಬಿದ್ದ ಆನೆಗಳು ಕಾಲು ಮುರಿದುಕೊಳ್ಳುವುದು ಸಾಮಾನ್ಯವಾಗಿತ್ತು. 1873-74ರಲ್ಲಿ ಮೈಸೂರಿನ ನೀರಾವರಿ ಇಲಾಖೆಯಲ್ಲಿದ್ದ ಜಿ.ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಬಂಗಾಳದ ಕಡೆಯ ಖೆಡ್ಡಾ ಪದ್ಧತಿಯನ್ನು ಇಲ್ಲಿ ಪ್ರಯೋಗಿಸಿ, ಚಾಮರಾಜನಗರದ ಬಳಿ ಒಂದೇ ಸಲಕ್ಕೆ ಐವತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದನು. ಖೆಡ್ಡಾ ಎಂದರೆ ಇಡೀ ಹಿಂಡನ್ನು ಹಲವು ದಿನ ಸುತ್ತುವರಿದು, ಬೆಂಕಿ, ತಮಟೆ, ಕೂಗುಗಳಿಂದ ಹೆದರಿಸಿ, ದಪ್ಪ ದಿಮ್ಮಿಗಳನ್ನು ನೆಟ್ಟು ಮಾಡಿದ ಆವರಣದೊಳಕ್ಕೆ ಓಡಿಸಿ ಬಾಗಿಲು ಬೀಳಿಸುವ ವಿಧಾನ. ಮುಂದೆ ಕಾಕನಕೋಟೆಯಲ್ಲಿ ಕಬಿನಿ ಹೊಳೆಯನ್ನೇ ಇದಕ್ಕೆ ಬಳಸಿಕೊಂಡು, ಹಿಂಡನ್ನು ನೀರಿಗಿಳಿಸಿ ಆಚೆ ದಡದ ಆವರಣಕ್ಕೆ ಅಟ್ಟುವ ಕ್ರಮ ಬೆಳೆಯಿತು. ಬ್ರಿಟಿಷ್ ರಾಜಮನೆತನದವರೂ ವೈಸ್‌ರಾಯ್‌ಗಳೂ ಅತಿಥಿಗಳಾಗಿ ಬಂದು ನೋಡುವ ರಾಜವೈಭವದ ಪ್ರದರ್ಶನವಾಗಿ ಅದು ಹೆಸರಾಯಿತು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1977ರಲ್ಲಿ ಆನೆ ಆ ಕಾಯ್ದೆಯ ಒಂದನೆಯ ಅನುಸೂಚಿಗೆ, ಅಂದರೆ ಅತ್ಯಂತ ಕಟ್ಟುನಿಟ್ಟಿನ ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಗೆ ಸೇರಿತು, ಮತ್ತು 1974ರಲ್ಲಿ ಮುಗಿದ ಕಬಿನಿ ಜಲಾಶಯದ ಹಿನ್ನೀರು ಖೆಡ್ಡಾ ನಡೆದ ಜಾಗವನ್ನು ಮುಳುಗಿಸಿತು.

ಕೊನೆಯ ಖೆಡ್ಡಾಗಳನ್ನು ಹುಡುಗನಾಗಿ ಕಂಡ ಈ ಕರ್ತೃವಿನ ಮನಸ್ಸಿನಲ್ಲಿ ಹಿಡಿಯುವ ಗದ್ದಲಕ್ಕಿಂತ ಹೆಚ್ಚು ಉಳಿದದ್ದು ಹಿಡಿದ ಮೇಲಿನ ರಾತ್ರಿಗಳು. ಹಗಲಿನಲ್ಲಿ ಅಟ್ಟಣೆಗಳಿಂದ ಇಣುಕುವ ಜನ, ಚಪ್ಪಾಳೆ, ಹೊಳೆಯ ನೀರು ಎರಚುತ್ತಾ ಮುನ್ನುಗ್ಗುವ ಹಿಂಡು, ಅದರ ಇಕ್ಕೆಲಗಳಲ್ಲಿ ಮಾವುತರನ್ನು ಹೊತ್ತು ಒತ್ತುವ ಕುಮ್ಕಿಗಳು, ಅಂದರೆ ಕಾಡಾನೆಗಳನ್ನು ಹಿಡಿಯಲೆಂದೇ ತರಬೇತಾದ ಪಳಗಿದ ಆನೆಗಳು, ಹಬ್ಬದ ಸಡಗರವನ್ನೇ ತರುತ್ತಿದ್ದವು. ಕತ್ತಲಾದ ಮೇಲೆ, ಹಿಂಗಾಲುಗಳಿಗೆ ಹಗ್ಗ ಬಿಗಿದು ಮರಗಳಿಗೆ ಕಟ್ಟಿದ ಆನೆಗಳ ಕಡೆಯಿಂದ ಘೀಳಿಡುವ ಸದ್ದಿನ ಜೊತೆಗೆ, ಕಿವಿಗೆ ಸರಿಯಾಗಿ ಕೇಳಿಸದೆ ಎದೆಯಲ್ಲಿ ಅದುರಿದಂತೆ ಅನಿಸುವ ಒಂದು ಗುಮ್ಮೆನ್ನುವ ನಾದ ಬರುತ್ತಿತ್ತು. ಊರಿನ ಮುದುಕಿಯರು ಅದನ್ನು ಆನೆಗಳ ಅಳು ಎನ್ನುತ್ತಿದ್ದರು, ತಾಯಿ ಒಂದು ಕಡೆ ಮರಿ ಒಂದು ಕಡೆ ಕಟ್ಟಿದ ದಿನ ಅದು ಬೆಳಗಿನವರೆಗೂ ನಿಲ್ಲುವುದಿಲ್ಲವೆಂದೂ ಹೇಳುತ್ತಿದ್ದರು. ಓದಿದವರು ಆ ಮಾತನ್ನು ಹಳ್ಳಿಯವರ ಕಲ್ಪನೆಯೆಂದು ಬದಿಗಿಡುತ್ತಿದ್ದರು, ಏಕೆಂದರೆ ಪ್ರಾಣಿಗೆ ಮನುಷ್ಯನ ಭಾವನೆಗಳನ್ನು ಆರೋಪಿಸಬಾರದೆಂಬುದು ಅಂದಿನ ವಿಜ್ಞಾನದ ಕಟ್ಟುನಿಟ್ಟಾದ ಪಾಠವಾಗಿತ್ತು.

ಮುದುಕಿಯರ ಆ ಮಾತಿನ ಕಡೆಗೆ ವಿಜ್ಞಾನ ಬಂದದ್ದು ಹಲವು ವರ್ಷಗಳ ನಂತರ. 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಆನೆಗಳ ಪಕ್ಕ ನಿಂತಿದ್ದ ಕೇಟಿ ಪೇನ್ ಎಂಬ ಸಂಶೋಧಕಿ ಗಾಳಿಯಲ್ಲಿ ಅಂಥದೇ ಅದುರುವಿಕೆಯನ್ನು ಗಮನಿಸಿ, ಧ್ವನಿಮುದ್ರಣ ಮಾಡಿ ಪರೀಕ್ಷಿಸಿದಾಗ, ಆನೆಗಳು ಸೆಕೆಂಡಿಗೆ 20 ಕಂಪನಗಳಿಗಿಂತ ತಗ್ಗಿದ, ಮನುಷ್ಯನ ಕಿವಿಗೆ ನಿಲುಕದ ಧ್ವನಿಯಲ್ಲಿ ಪರಸ್ಪರ ಕರೆಯುತ್ತವೆ ಎಂಬುದು ತಿಳಿಯಿತು. ಇಂಥ ಧ್ವನಿ ಕಾಡಿನಲ್ಲಿ ಕಿಲೋಮೀಟರುಗಟ್ಟಲೆ ಸಾಗಿ, ಕಣ್ಣಿಗೆ ಕಾಣದಷ್ಟು ದೂರವಿರುವ ಬಂಧುಗಳನ್ನು ಬೆಸೆದಿಡುತ್ತದೆ. ಕೀನ್ಯಾದ ಆಂಬೊಸೆಲಿಯಲ್ಲಿ 1972ರಿಂದ ಸಿಂಥಿಯಾ ಮಾಸ್ ಮತ್ತು ಅವರ ಸಂಗಡಿಗರು ಆಫ್ರಿಕದ ಆನೆ ಕುಟುಂಬಗಳನ್ನು ತಲೆಮಾರುಗಳವರೆಗೆ ಹಿಂಬಾಲಿಸಿ, ಅವು ಸತ್ತ ಬಂಧುವಿನ ಮೂಳೆಗಳ ಬಳಿ ನಿಂತು ಸೊಂಡಿಲಿನಿಂದ ಮುಟ್ಟಿ ನೋಡುವುದನ್ನು ದಾಖಲಿಸಿದರು. ಥಾಯ್ಲೆಂಡಿನ ಏಷ್ಯಾ ಆನೆಗಳನ್ನು ಗಮನಿಸಿ ಜೋಶುವಾ ಪ್ಲಾಟ್ನಿಕ್ ಮತ್ತು ಫ್ರಾನ್ಸ್ ಡಿ ವಾಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಆನೆ ಬೆದರಿದಾಗ ಪಕ್ಕದವು ಅದರ ಬಳಿಗೆ ಬಂದು ಸೊಂಡಿಲನ್ನು ಅದರ ಬಾಯಿಗೆ ತಾಗಿಸಿ, ಮೆಲುದನಿ ಮಾಡಿ ಸಂತೈಸುತ್ತವೆ. ಉತ್ತರ ಬಂಗಾಳದ ಚಹಾ ತೋಟಗಳ ಕಾಲುವೆಗಳಲ್ಲಿ ಐದು ಮರಿಗಳ ಕಳೇಬರಗಳು ಕಾಲು ಮೇಲಾಗಿ ಮಣ್ಣಿನಲ್ಲಿ ಮುಚ್ಚಿದ ಸ್ಥಿತಿಯಲ್ಲಿ ಕಂಡುಬಂದದ್ದನ್ನು ಆಧರಿಸಿ, ಹಿಂಡುಗಳು ಸತ್ತ ಮರಿಯನ್ನು ಹೊತ್ತು ತಂದು ಹೂಳುತ್ತವೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ವಾದಿಸಿತು. ಆನೆಯ ಅಂತರಂಗವನ್ನು ಯಾರೂ ಪೂರ್ತಿ ಕಂಡಿಲ್ಲವಾದರೂ, ತನ್ನವರನ್ನು ಗುರುತಿಸುವ, ಅಗಲಿದಾಗ ಹಂಬಲಿಸುವ, ನೊಂದವರ ಬಳಿ ನಿಲ್ಲುವ ಶಕ್ತಿ ಅದಕ್ಕಿದೆ ಎಂಬುದನ್ನು ಅಲ್ಲಗಳೆಯಲು ಇಂದು ಆಧಾರವಿಲ್ಲ.

ಈ ಶಕ್ತಿಯ ಬೇರು ಆನೆಯ ಕುಟುಂಬದಲ್ಲಿದೆ. ಹಿರಿಯ ಹೆಣ್ಣಾನೆಯೊಂದರ ಮುಂದಾಳತ್ವದಲ್ಲಿ ಅವಳ ಮಕ್ಕಳು, ತಂಗಿಯರು, ಅವರ ಮರಿಗಳು ಕೂಡಿ ಬಾಳುವ ಮಾತೃಪ್ರಧಾನ ಗುಂಪಿನಲ್ಲಿ, ಇಪ್ಪತ್ತು ತಿಂಗಳ ಆಸುಪಾಸಿನ ಬಸಿರಿನ ನಂತರ ಹುಟ್ಟುವ ಮರಿ ವರ್ಷಗಳ ಕಾಲ ತಾಯಿಯ ಮೊಲೆ ಉಣ್ಣುತ್ತದೆ, ಚಿಕ್ಕಮ್ಮ ಅಕ್ಕಂದಿರ ಕಾವಲಿನಲ್ಲಿ ಬೆಳೆಯುತ್ತದೆ. ಹೆಣ್ಣುಮರಿ ಬಹುಮಟ್ಟಿಗೆ ಬದುಕಿಡೀ ಆ ಗುಂಪಿನಲ್ಲೇ ಉಳಿದರೆ, ಗಂಡುಮರಿ ಹರೆಯಕ್ಕೆ ಬಂದ ಮೇಲಷ್ಟೇ ಹೊರಬೀಳುತ್ತದೆ. ಇಷ್ಟು ದೀರ್ಘವಾಗಿ ಇನ್ನೊಬ್ಬರ ಆಸರೆಯಲ್ಲಿ ಬೆಳೆಯುವ ಜೀವಕ್ಕೆ ಒಡನಾಟ ಆಹಾರದಷ್ಟೇ ಅಗತ್ಯ. ಖೆಡ್ಡಾದಲ್ಲಿ ಕತ್ತರಿಸಿದ್ದು ಈ ಒಡನಾಟವನ್ನೇ, ಮತ್ತು ಪಳಗಿಸುವವನು ತುಂಬಿದ್ದು ಕತ್ತರಿಸಿದ ಆ ಖಾಲಿ ಜಾಗವನ್ನೇ.

ಪಳಗಿಸುವಿಕೆಯ ಕ್ರಮವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹೊಸದಾಗಿ ಹಿಡಿದ ಆನೆಯನ್ನು ಇಂದಿನ ಶಿಬಿರಗಳಲ್ಲಿ ಕ್ರಾಲ್ ಎಂದು ಕರೆಯುವ, ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ ಕಟ್ಟಿದ ಇಕ್ಕಟ್ಟಾದ ದೊಡ್ಡಿಯಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಡಲಾಗುತ್ತದೆ. ಅಲ್ಲಿ ಅದು ದಿಮ್ಮಿಗಳಿಗೆ ಗುದ್ದಿ, ಗಾಯಗೊಂಡು, ಕೂಗಿ, ಸುಸ್ತಾದ ಮೇಲೆ, ಅದರ ಬಳಿಗೆ ಬರುವವನು ಒಬ್ಬನೇ ಮಾವುತ, ಅವನ ಜೊತೆಗೆ ಕಾವಾಡಿ, ಅಂದರೆ ಮೇವು, ನೀರು, ಸ್ನಾನ ನೋಡಿಕೊಳ್ಳುವ ಸಹಾಯಕ. ಕಬ್ಬು, ಬೆಲ್ಲ, ಹಸಿರು ಮೇವು ಬರುವುದು ಅವರ ಕೈಯಿಂದ. ಗಾಯಕ್ಕೆ ಔಷಧ ಹಚ್ಚುವುದು ಅವರು. ರಾತ್ರಿ ದೊಡ್ಡಿಯ ಪಕ್ಕ ಬೆಂಕಿ ಹಾಕಿಕೊಂಡು ತಮ್ಮ ಜೇನುಕುರುಬ ಮಾತಿನಲ್ಲಿ ಹಾಡಿಕೊಳ್ಳುತ್ತಾ ಕೂರುವುದೂ ಅವರೇ. ಎಲ್ಲವನ್ನೂ ಕಳೆದುಕೊಂಡ ಆನೆಗೆ ಲೋಕದಲ್ಲಿ ಉಳಿದ ಏಕೈಕ ಪರಿಚಿತ ದನಿ ಅದಾದಾಗ, ಅದು ಮೊದಲು ಆ ದನಿಗೆ ಕಿವಿಗೊಡುತ್ತದೆ, ನಂತರ ಕಾಯುತ್ತದೆ, ಕೊನೆಗೆ ಆ ದನಿಯಿಲ್ಲದೆ ಮೇವು ಮುಟ್ಟದಷ್ಟು ಅಂಟಿಕೊಳ್ಳುತ್ತದೆ. ತನ್ನ ತಾಯಿಯನ್ನು ಪ್ರೀತಿಸಿದ ಅದೇ ಶಕ್ತಿಯಿಂದ ಆನೆ ಮಾವುತನನ್ನು ಪ್ರೀತಿಸುತ್ತದೆ ಎಂಬುದರಲ್ಲಿ ಈ ಸಂಬಂಧದ ಸೊಬಗೂ ಇದೆ, ಅದರ ಅಡಿಯಲ್ಲಿರುವ ಅನ್ಯಾಯವೂ ಇದೆ.

ಮಾವುತರ ಕಡೆಯಿಂದ ಬರುವ ಪ್ರೀತಿಯನ್ನು ಅನುಮಾನಿಸಲು ಮಾತ್ರ ಕಾರಣವಿಲ್ಲ. ಬಳ್ಳೆ, ಮತ್ತಿಗೋಡು, ದುಬಾರೆಗಳಂಥ ಶಿಬಿರಗಳಲ್ಲಿ ಜೇನುಕುರುಬ ಕುಟುಂಬಗಳು ತಂದೆಯಿಂದ ಮಗನಿಗೆ ಈ ಕಸುಬನ್ನು ದಾಟಿಸುತ್ತಾ ಬಂದಿವೆ, ಮತ್ತು ಆನೆಗಳೊಡನೆ ಅವರು ಕಳೆಯುವ ಹೊತ್ತು ತಮ್ಮ ಮಕ್ಕಳೊಡನೆ ಕಳೆಯುವುದಕ್ಕಿಂತ ಹೆಚ್ಚು. ಸಂಜೆ ಉದ್ದನೆಯ ಸರಪಳಿಯೊಂದಿಗೆ ಕಾಡಿಗೆ ಬಿಟ್ಟ ಆನೆಯನ್ನು ಬೆಳಗಿನ ಜಾವ ನೆಲದ ಮೇಲಿನ ಸರಪಳಿಯ ಗೆರೆ ಹಿಡಿದು ಹುಡುಕಿ, ಹೆಸರು ಕೂಗಿ ಕರೆತಂದು, ಹೊಳೆಯಲ್ಲಿ ಮಲಗಿಸಿ ಮೈಯುಜ್ಜಿ, ಹುಲ್ಲಿನಲ್ಲಿ ಸುತ್ತಿದ ಭತ್ತ ಬೆಲ್ಲದ ಕುಸುರೆ ತಿನ್ನಿಸುವುದು ಅವರ ದಿನಚರಿ. ಬಳ್ಳೆಯ ಕಡೆಯ ಒಬ್ಬ ಹಿರಿಯ ಮಾವುತ, ಅಂಕುಶದ ಬಗ್ಗೆ ಕೇಳಿದಾಗ, ಈ ಕರ್ತೃವಿಗೆ ಹೇಳಿದ ಮಾತು ಆ ಕಸುಬಿನ ತಿಳಿವಳಿಕೆಯನ್ನೆಲ್ಲ ಹಿಡಿದಿಟ್ಟಿದೆ: “ಹೊಡೆದು ಕಲಿಸ್ದೋನು ಬೆನ್ ಮೇಲೆ ಕೂತಿರೋ ತನಕ ಆನೆ ಹೇಳ್ದಂಗೆ ಕೇಳ್ತದೆ ಬುದ್ಧಿ, ಕೆಳಕ್ಕಿಳಿದ್ರೆ ಕೇಳಾಕಿಲ್ಲ. ಜತೇಲಿ ಉಂಡು ಮನಗಿದೋನ ಮಾತ ಕಾಡೊಳಗಿದ್ರೂ ಕೇಳ್ತದೆ.” ಸಲಗಕ್ಕೆ ಮದ ಬಂದಾಗ, ಕಣ್ಣಿನ ಪಕ್ಕದ ಗ್ರಂಥಿಯಿಂದ ದ್ರವ ಇಳಿದು ಅದು ಯಾರನ್ನೂ ಹತ್ತಿರ ಸೇರಿಸದ ಆ ಕಾಲದಲ್ಲೂ, ಮೇವು ನೀರು ಒಯ್ಯುವವರು ಇವರೇ, ಪ್ರಾಣ ಕಳೆದುಕೊಂಡವರೂ ಇವರೇ. ಕಾಡಿನ ಹಾಡಿಗಳಿಂದ ತಾವೇ ಎತ್ತಂಗಡಿಯಾದ ಈ ಜನ, ಹಿಂಡಿನಿಂದ ಎತ್ತಂಗಡಿಯಾದ ಆನೆಗಳನ್ನು ಸಾಕುತ್ತಿದ್ದಾರೆ ಎಂಬುದನ್ನು ಮರೆತು ಮಾತಾಡುವ ಪ್ರಾಣಿದಯೆ ಅರ್ಧ ದಯೆಯಷ್ಟೇ.

ಹೊರಲೋಕಕ್ಕೆ ಈ ಸಂಬಂಧದ ಸೊಬಗು ಬಹಳ ಬೇಗ ತಲುಪಿತು, ಅದರ ಬೆಲೆ ತಲುಪಲಿಲ್ಲ. ರಡ್ಯಾರ್ಡ್ ಕಿಪ್ಲಿಂಗ್ 1894ರ ಜಂಗಲ್ ಬುಕ್‌ನಲ್ಲಿ ಬರೆದ ಆನೆಗಳ ತೂಮಾಯಿಯ ಕಥೆಯನ್ನು ಆಧರಿಸಿ, ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ತಾನ್ ಕೊರ್ಡಾ ನಿರ್ದೇಶಿಸಿದ ಎಲಿಫೆಂಟ್ ಬಾಯ್ ಚಿತ್ರದ ಹೊರಾಂಗಣ ಚಿತ್ರೀಕರಣ ಮೈಸೂರು ಸೀಮೆಯಲ್ಲಿ ನಡೆದು, ಅದು 1937ರಲ್ಲಿ ತೆರೆಗೆ ಬಂತು. ಅದರ ನಾಯಕ ಸಾಬು, 1924ರಲ್ಲಿ ಕಬಿನಿ ದಂಡೆಯ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಮಹಾರಾಜರ ಆನೆಲಾಯದಲ್ಲಿ ಬೆಳೆದ ಹುಡುಗ. ಆನೆಯ ಬೆನ್ನ ಮೇಲೆ ನಗುತ್ತಾ ಕೂತ ಆ ಬಾಲಕನ ಚಿತ್ರ ಜಗತ್ತಿನಾದ್ಯಂತ ಹರಡಿ, ಮನುಷ್ಯ ಮತ್ತು ಆನೆಯ ಗೆಳೆತನದ ಗುರುತಾಯಿತು. ಆ ಗೆಳೆತನ ಸುಳ್ಳಾಗಿರಲಿಲ್ಲ. ಆದರೆ ನಿಜವಾದ ಗೆಳೆತನವೊಂದನ್ನು ತೋರಿಸಿ, ಅದಕ್ಕೆ ಮುಂಚಿನ ಸೆರೆಯನ್ನು ಮರೆಸುವ ರೂಢಿ ಅಲ್ಲಿಂದ ಗಟ್ಟಿಯಾಯಿತು. ಸರ್ಕಸ್ಸಿನ ಡೇರೆಯಲ್ಲಿ, ದೇವಾಲಯದ ಅಂಗಳದಲ್ಲಿ, ಪ್ರವಾಸಿಗರ ಸವಾರಿಯಲ್ಲಿ ಇಂದಿಗೂ ಕೇಳಿಬರುವ ಸಮರ್ಥನೆ ಇದೇ: ಆನೆ ನಮ್ಮೊಡನೆ ಸಂತೋಷವಾಗಿದೆ, ನೋಡಿ, ಎಷ್ಟು ಪ್ರೀತಿಯಿಂದಿದೆ.

ಈ ಸಮರ್ಥನೆಯ ದೋಷ ಪ್ರೀತಿಯನ್ನು ಒಪ್ಪಿಗೆಯೆಂದು ಎಣಿಸುವುದರಲ್ಲಿದೆ. ಒಪ್ಪಿಗೆ ಎಂಬುದಕ್ಕೆ ಬೇರೆ ದಾರಿಯೂ ತೆರೆದಿರಬೇಕು. ಹಿಂಡು ಚದುರಿ, ಕಾಡು ಮುಚ್ಚಿ, ಕಾಲಿಗೆ ಸರಪಳಿ ಬಿದ್ದ ಮೇಲೆ ಉಳಿದ ಒಬ್ಬನನ್ನು ಪ್ರೀತಿಸುವ ಜೀವ ಆಯ್ಕೆ ಮಾಡಿಕೊಂಡಿದೆ ಎನ್ನಲಾಗದು. ಹಾಗೆಂದು ಆ ಪ್ರೀತಿಯನ್ನು ಬರಿಯ ಭಯವೆಂದೋ ಮೇವಿನಾಸೆಯೆಂದೋ ಕಡೆಗಣಿಸಿದರೆ ಆನೆಗೆ ಇನ್ನೊಂದು ಅನ್ಯಾಯ ಮಾಡಿದಂತಾಗುತ್ತದೆ, ಏಕೆಂದರೆ ತನಗಾದ ನೋವಿನ ನಂತರವೂ ನೋವು ಕೊಟ್ಟ ಕುಲದ ಒಬ್ಬನನ್ನು ನಂಬಬಲ್ಲ ಔದಾರ್ಯ ಅದರದು. ಪ್ರೀತಿ ನಿಜವೆಂದು ಒಪ್ಪಿದಷ್ಟೂ ಮನುಷ್ಯನ ಹೊಣೆ ಭಾರವಾಗುತ್ತದೆ; ಕಲ್ಲಿಗೆ ಕೊಟ್ಟ ಪೆಟ್ಟಿಗಿಂತ, ನಂಬಿ ಬಂದವನಿಗೆ ಕೊಟ್ಟ ಪೆಟ್ಟು ದೊಡ್ಡ ಪಾಪವೆಂದು ಈ ನಾಡಿನ ಸಾಮಾನ್ಯ ಧರ್ಮವೂ ಹೇಳುತ್ತದೆ.

ಮೈಸೂರು ದಸರಾದ ಆನೆಗಳ ಬದುಕಿನಲ್ಲಿ ಈ ಮಾತು ಬಹಿರಂಗವಾಗಿ ಓದಲು ಸಿಗುತ್ತದೆ. ವಿಜಯದಶಮಿಯ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ಚಾಮುಂಡೇಶ್ವರಿಯನ್ನು ಹೊತ್ತು, ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ನಡೆಯುವ ಆನೆ, ಅದಕ್ಕೆ ಮುಂಚೆ ವಾರಗಟ್ಟಲೆ ಮರಳಿನ ಮೂಟೆ ಹೊರುವ, ಫಿರಂಗಿಯ ಸದ್ದಿಗೆ ಬೆದರದೆ ನಿಲ್ಲುವ ತಾಲೀಮು ಪಡೆಯುತ್ತದೆ. ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಅರಮನೆಯ ಅಂಗಳಕ್ಕೆ ಬಂದ ಮೇಲೆ, ಮಾವುತರ ಕುಟುಂಬಗಳು ಅಲ್ಲಿಯೇ ಬಿಡಾರ ಹೂಡಿ, ಅವರ ಮಕ್ಕಳು ತಾತ್ಕಾಲಿಕ ಶಾಲೆಯಲ್ಲಿ ಕಲಿಯುತ್ತಾ, ಸಂಜೆ ಆನೆಗಳ ಕಾಲ ಬಳಿ ಆಡುತ್ತಾ ಇರುವುದನ್ನು ಮೈಸೂರಿನವರು ವರ್ಷ ವರ್ಷ ನೋಡಿದ್ದಾರೆ. ಲಕ್ಷಾಂತರ ಜನರ ಗದ್ದಲದ ನಡುವೆ ಆನೆ ಸ್ಥಿರವಾಗಿ ಹೆಜ್ಜೆಯಿಡುವುದು ಕುತ್ತಿಗೆಯ ಮೇಲಿರುವವನ ಕಾಲ್ಬೆರಳಿನ ಸನ್ನೆಯನ್ನು ನಂಬಿ. ಆ ನಂಬಿಕೆಗೂ ಮಿತಿಯುಂಟು: 2024ರ ಸೆಪ್ಟೆಂಬರ್‌ನಲ್ಲಿ ಅರಮನೆ ಆವರಣದಲ್ಲಿ ಧನಂಜಯ ಮತ್ತು ಕಂಜನ್ ಎಂಬ ಆನೆಗಳು ಕಾದಾಡಿ, ಒಂದನ್ನೊಂದು ಅಟ್ಟುತ್ತಾ ಊರಿನ ರಸ್ತೆಗೆ ಬಂದ ರಾತ್ರಿ, ಕಾಡಿನ ಜೀವವನ್ನು ನಗರದ ಬೆಳಕು ಸದ್ದುಗಳಲ್ಲಿ ನಿಲ್ಲಿಸುವುದರ ಅಪಾಯ ಎಲ್ಲರಿಗೂ ಕಂಡಿತು.

ಅಂಬಾರಿ ಹೊತ್ತ ಆನೆಗಳ ಕೊನೆಯನ್ನು ಒಟ್ಟಿಗೆ ನೆನೆದರೆ ಋಣದ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಒಂದೂವರೆ ದಶಕಕ್ಕೂ ಮೀರಿ ಅಂಬಾರಿ ಹೊತ್ತು ಮನೆಮಾತಾಗಿದ್ದ ದ್ರೋಣ 1998ರಲ್ಲಿ ಬಳ್ಳೆಯ ಕಾಡಿನಲ್ಲಿ ಮೇಯುವಾಗ ವಿದ್ಯುತ್ ತಂತಿ ತಗುಲಿ ಸತ್ತನು. ಅವನ ನಂತರ 14 ಬಾರಿ ಅಂಬಾರಿ ಹೊತ್ತ, ಸಾಧು ಸ್ವಭಾವಕ್ಕೆ ಹೆಸರಾದ ಬಲರಾಮ, 2022ರ ಡಿಸೆಂಬರ್‌ನಲ್ಲಿ ಶಿಬಿರದ ಸಮೀಪದ ಜಮೀನಿನ ಕಡೆ ಹೋದಾಗ ಗುಂಡೇಟಿನಿಂದ ಗಾಯಗೊಂಡು, ಮುಂದೆ 2023ರ ಮೇ 7ರಂದು ವಯೋಸಹಜ ಅನಾರೋಗ್ಯದಿಂದ ತೀರಿಕೊಂಡನು. ಅರ್ಜುನನ ಕಥೆಯಲ್ಲಿ ಇಡೀ ವ್ಯವಸ್ಥೆಯ ಸುತ್ತು ಪೂರ್ಣವಾಗುತ್ತದೆ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಕುಮ್ಕಿಗಳ ನೆರವಿನಿಂದ ಸೆರೆಯಾದ ಅವನು, 2012ರಿಂದ 2019ರವರೆಗೆ ಎಂಟು ಬಾರಿ ಅಂಬಾರಿ ಹೊತ್ತನು. 60 ವರ್ಷ ದಾಟಿದ ಆನೆಗೆ ಭಾರ ಹೊರಿಸಬಾರದೆಂಬ ಕಾರಣದಿಂದ 2020ರಲ್ಲಿ ಆ ಹೊಣೆ ಅಭಿಮನ್ಯುವಿಗೆ ಹೋಯಿತು. ಆದರೆ ಕಾಡಾನೆ ಹಿಡಿಯುವ ಕಾರ್ಯಾಚರಣೆಗಳಿಂದ ಅರ್ಜುನನಿಗೆ ಬಿಡುಗಡೆ ಸಿಗಲಿಲ್ಲ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿಯ ಕಾಡಿನಲ್ಲಿ, ಅಂಥ ಒಂದು ಕಾರ್ಯಾಚರಣೆಯ ನಡುವೆ ಎದುರಾದ ಕಾಡು ಸಲಗದ ದಾಳಿಗೆ ಅವನು ಬಲಿಯಾದನು. ಹಿಡಿಯಲ್ಪಟ್ಟವನು ಹಿಡಿಯುವವನಾಗಿ, ತನ್ನ ಕುಲದ ದಂತಕ್ಕೇ ಸಿಕ್ಕಿ ಸತ್ತ ಆ ಮರುದಿನ, ಅವನ ಮಾವುತ ಕಳೇಬರವನ್ನು ತಬ್ಬಿ ಅತ್ತದ್ದನ್ನು ನಾಡಿನ ಜನ ದೂರದರ್ಶನದಲ್ಲಿ ನೋಡಿ ತಾವೂ ಅತ್ತರು. ಆ ಅಳು ಪ್ರಾಮಾಣಿಕವಾಗಿತ್ತು. ಆದರೆ ಅರವತ್ತು ದಾಟಿದ ಆನೆಯನ್ನು ಅಂಬಾರಿಯ ಭಾರದಿಂದ ಬಿಡಿಸಿದವರು ಕಾಳಗದ ಭಾರದಿಂದ ಏಕೆ ಬಿಡಿಸಲಿಲ್ಲವೆಂಬ ಪ್ರಶ್ನೆಗೆ ಕಣ್ಣೀರು ಉತ್ತರವಾಗಲಾರದು.

ಕಾನೂನು ಈ ಪ್ರಶ್ನೆಯನ್ನು ಪೂರ್ತಿ ಮರೆತಿಲ್ಲ. ರುಕ್ಮಿಣಿ ದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೆಯ ಪ್ರಕರಣ, ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡ ಪ್ರತಿಯೊಬ್ಬನೂ ಅದರ ಕ್ಷೇಮವನ್ನು ಕಾಯಬೇಕೆಂದು ಹೇಳುತ್ತದೆ. 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 51ಎ ವಿಧಿ ಜೀವಿಗಳ ಬಗೆಗಿನ ಅನುಕಂಪವನ್ನು ಪ್ರಜೆಯ ಮೂಲಭೂತ ಕರ್ತವ್ಯವಾಗಿಸಿದೆ. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಐದು ಸ್ವಾತಂತ್ರ್ಯಗಳ ತತ್ತ್ವವನ್ನು, ಅಂದರೆ ಹಸಿವು ಬಾಯಾರಿಕೆಯಿಂದ, ಅನನುಕೂಲದಿಂದ, ನೋವು ರೋಗದಿಂದ, ಭಯದಿಂದ ಮುಕ್ತಿ ಹಾಗೂ ಸಹಜವಾಗಿ ವರ್ತಿಸುವ ಅವಕಾಶ ಪ್ರಾಣಿಗೆ ಇರಬೇಕೆಂಬುದನ್ನು, ಎತ್ತಿಹಿಡಿಯಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠವು ಜಲ್ಲಿಕಟ್ಟಿನ ಜೊತೆಗೆ ಕರ್ನಾಟಕದ ಕಂಬಳಕ್ಕೂ ಅವಕಾಶ ಕೊಡುವ ತಿದ್ದುಪಡಿಗಳನ್ನು ಮಾನ್ಯ ಮಾಡಿದಾಗ, ಪ್ರಾಣಿಗಳಿಗೆ ಮನುಷ್ಯರಂತೆಯೇ ಮೂಲಭೂತ ಹಕ್ಕುಗಳಿವೆಯೆಂದು ಘೋಷಿಸಲು ಮುಂದಾಗಲಿಲ್ಲ. ಹಕ್ಕಿನ ವಾದ ಹೀಗೆ ಮುಂದೆ ಸಾಗದೆ ನಿಂತರೂ ಕರ್ತವ್ಯದ ವಾದ ಉಳಿಯುತ್ತದೆ, ಮತ್ತು ಆನೆಯ ವಿಷಯದಲ್ಲಿ ಅದೇ ಹೆಚ್ಚು ಗಟ್ಟಿಯಾದ ನೆಲೆ, ಏಕೆಂದರೆ ಇಲ್ಲಿ ಮನುಷ್ಯ ಆ ಜೀವದ ದುಡಿಮೆಯನ್ನೂ ನಂಬಿಕೆಯನ್ನೂ ಈಗಾಗಲೇ ಪಡೆದುಕೊಂಡಿದ್ದಾನೆ.

ಎದುರು ವಾದವೂ ಹಗುರವಾದದ್ದಲ್ಲ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಕಾಡಾನೆಗಳಿವೆ, ದೇಶದ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಹಾಸನ, ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಆನೆ ತುಳಿದು ಸತ್ತ ಕೂಲಿಯವರ ಮನೆಗಳಿವೆ, ಒಂದೇ ರಾತ್ರಿಯಲ್ಲಿ ವರ್ಷದ ಅನ್ನ ಕಳೆದುಕೊಂಡ ರೈತರಿದ್ದಾರೆ. ಆಲೂರು-ಸಕಲೇಶಪುರ ಭಾಗದಿಂದ 2014ರ ಸುಮಾರಿಗೆ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ್ದು ಅಂಥವರ ಸಂಕಟಕ್ಕೆ ಪರಿಹಾರ ಹುಡುಕುವ ಸಲುವಾಗಿ. ಕೆಲವೊಮ್ಮೆ ಸೆರೆ ಅನಿವಾರ್ಯವಾಗಬಹುದು, ಸೆರೆಯಾದ ಆನೆಗೆ ಶಿಬಿರವೇ ಉಳಿದ ದಾರಿಯಾಗಬಹುದು, ಮತ್ತು ಸಂಜೆಯಾದೊಡನೆ ಕಾಡಿಗೆ ಬಿಡುವ ಕರ್ನಾಟಕದ ಶಿಬಿರಗಳ ಪದ್ಧತಿ ಕಾಂಕ್ರೀಟ್ ನೆಲದ ಮೇಲೆ ಹಗಲಿರುಳು ಕಟ್ಟಿಹಾಕುವುದಕ್ಕಿಂತ ಎಷ್ಟೋ ಮೇಲು. ಆದರೆ ಅನಿವಾರ್ಯವಾದ ಸೆರೆ ಮತ್ತು ಅನುಕೂಲಕ್ಕಾಗಿ ಮಾಡಿದ ಸೆರೆಗಳ ನಡುವಿನ ಗೆರೆ ಅಳಿಸಬಾರದು. 2022ರಲ್ಲಿ ವನ್ಯಜೀವಿ ಕಾಯ್ದೆಗೆ ಮಾಡಿದ ತಿದ್ದುಪಡಿ, ಧಾರ್ಮಿಕ ಅಥವಾ ಬೇರಾವುದೇ ಉದ್ದೇಶಕ್ಕಾಗಿ ಸಾಕಾನೆಗಳನ್ನು ಒಬ್ಬರಿಂದ ಒಬ್ಬರಿಗೆ ವರ್ಗಾಯಿಸಲು ಅವಕಾಶ ಕೊಟ್ಟಿರುವುದರಿಂದ ಆ ಗೆರೆ ಇನ್ನಷ್ಟು ತೆಳುವಾಗಿದೆ. ಕರ್ನಾಟಕದ ಶಿಬಿರಗಳಿಂದ ಬೇರೆ ರಾಜ್ಯಗಳಿಗೆ ಆನೆಗಳನ್ನು ಕಳಿಸಿದಾಗಲೆಲ್ಲ, ಜೊತೆಗೆ ಹೋದ ಮಾವುತರು ಅಲ್ಲಿಯವರಿಗೆ ತಮ್ಮ ಸನ್ನೆ ಮಾತುಗಳನ್ನು ಕಲಿಸಿ ಕೆಲ ವಾರಗಳಲ್ಲಿ ಹಿಂದಿರುಗುತ್ತಾರೆ. ಒಮ್ಮೆ ಹಿಂಡನ್ನು ಕಳೆದುಕೊಂಡ ಆನೆ ಆಗ ಎರಡನೆಯ ಸಲ ತನ್ನವರನ್ನು ಕಳೆದುಕೊಳ್ಳುತ್ತದೆ.

ಆದ್ದರಿಂದ ಋಣ ತೀರಿಸುವುದೆಂದರೆ ಕೆಲವು ಖಚಿತವಾದ ಕೆಲಸಗಳನ್ನು ಮಾಡುವುದು. ಕಾಡಿನಿಂದ ಕಾಡಿಗೆ ಆನೆ ಸಾಗುವ ದಾರಿಗಳನ್ನು ಉಳಿಸಿ, ಸೆರೆಯನ್ನು ಕಟ್ಟಕಡೆಯ ಉಪಾಯವಾಗಿಡಬೇಕು. ಬೆಳೆ ಮತ್ತು ಜೀವ ಕಳೆದುಕೊಂಡವರಿಗೆ ತಡವಿಲ್ಲದೆ ಪರಿಹಾರ ತಲುಪಬೇಕು, ಏಕೆಂದರೆ ಆನೆಯ ಮೇಲಿನ ಸಿಟ್ಟು ಹುಟ್ಟುವುದು ಬಹುಪಾಲು ಆ ತಡದಿಂದ. ಶಿಬಿರದ ಆನೆಯನ್ನು ಅದರ ಮಾವುತನಿಂದ ಆಡಳಿತದ ಅನುಕೂಲಕ್ಕಾಗಿ ಬೇರ್ಪಡಿಸಬಾರದು, ಮತ್ತು ಆ ಮಾವುತ, ಕಾವಾಡಿಗಳ ಕೆಲಸ, ವಸತಿ, ಮಕ್ಕಳ ಓದು ಭದ್ರವಾಗಿರಬೇಕು. 60 ದಾಟಿದ ಆನೆಗೆ ಅಂಬಾರಿಯೂ ಬೇಡ, ಕಾಡಾನೆ ಹಿಡಿಯುವ ಕಾಳಗವೂ ಬೇಡ. ಅದಕ್ಕೆ ಪರಿಚಿತ ಕಾಡು, ಪರಿಚಿತ ಹೊಳೆ, ಪರಿಚಿತ ದನಿ ಇಷ್ಟನ್ನು ಕೊನೆಯವರೆಗೆ ಉಳಿಸಿಕೊಡಬೇಕು. ಅಂಬಾರಿಯ ಭಾರವನ್ನು ಇಳಿಸುವ, ಮೆರವಣಿಗೆಯ ಆನೆಗಳ ಸಂಖ್ಯೆಯನ್ನು ತಗ್ಗಿಸುವ ಮಾತನ್ನು ದೇವಿಯ ಭಕ್ತರೇ ಮುಂದಾಗಿ ಆಡಿದರೆ ಪರಂಪರೆಗೆ ಕುಂದಾಗುವುದಿಲ್ಲ. ಮಹಾರಾಜರು ಕೂರುತ್ತಿದ್ದ ಅಂಬಾರಿಯಲ್ಲಿ ದೇವಿಯ ಮೂರ್ತಿಯನ್ನು ಕೂರಿಸಿ ಹಬ್ಬವನ್ನು ಕಾಲಕ್ಕೆ ತಕ್ಕಂತೆ ಬದಲಿಸಿಕೊಂಡ ಊರು ಅದು, ಇನ್ನೊಂದು ಬದಲಾವಣೆಯನ್ನೂ ತಾಳಿಕೊಳ್ಳಬಲ್ಲದು.

ದಸರೆಗೆ ಮೈಸೂರಿಗೆ ಬರುವ, ದುಬಾರೆಯ ಹೊಳೆಯಲ್ಲಿ ಆನೆ ಮೀಯುವುದನ್ನು ನೋಡಲು ಹೋಗುವ ಓದುಗರು ಆ ಆನೆಯ ಸೌಮ್ಯತೆಯನ್ನು ಮೆಚ್ಚುವುದರ ಜೊತೆಗೆ, ಅದು ಎಲ್ಲಿಂದ ಬಂತು, ಈಗ ಅದರ ವಯಸ್ಸೆಷ್ಟು, ಯಾವ ಕೆಲಸಕ್ಕೆ ಹಚ್ಚಿದ್ದಾರೆ, ಅದರ ಮಾವುತನಿಗೆ ಸಂಬಳ ಸರಿಯಾಗಿ ಬರುತ್ತಿದೆಯೇ ಎಂದು ಅಲ್ಲಿಯ ಅಧಿಕಾರಿಗಳನ್ನು ಕೇಳಬೇಕು. ಕೇಳುವವರು ಹೆಚ್ಚಾದಂತೆ ಉತ್ತರ ಕೊಡುವ ಹೊಣೆಯೂ ಹೆಚ್ಚುತ್ತದೆ, ಮತ್ತು ಆನೆ ತಾನಾಗಿ ಕೇಳಲಾರದ ಪ್ರಶ್ನೆಗಳನ್ನು ಅದರ ಪರವಾಗಿ ಕೇಳುವುದು ಅದರ ಪ್ರೀತಿಯನ್ನು ಪಡೆದ ನಾಡಿನ ಜನರ ಮೊದಲ ಕರ್ತವ್ಯ.